ಗೊಂದಲದ ಸ್ಟೂಲಿನ ಮೇಲೆ ನಮ್ಮ ಗೇರ್ ಮೇಷ್ಟ್ರು

ಮೋಟಾರು ವಿದ್ಯೆಯಲ್ಲಿ ಇಂಜಿನ್ನಿಗೆ ಸಿಕ್ಕ ಮರ್ಯಾದೆ ಗೇರ್‌ಬಾಕ್ಸಿಗೆ ಸಿಕ್ಕಿಲ್ಲ. ಬಾನೆಟ್ ಎತ್ತಿ ಇಂಜಿನ್ನನ್ನು ನೆಂಟರಿಗೆಲ್ಲ ತೋರಿಸುವವರಿದ್ದಾರೆ. ಗೇರ್‌ಬಾಕ್ಸು ಮಾತ್ರ ಕಾರಿನ ಹೊಟ್ಟೆಯಡಿಯಲ್ಲಿ ಎಣ್ಣೆ ಮೆತ್ತಿಕೊಂಡು, ಸದ್ದು ಮಾಡಿದರೆ ಬೈಸಿಕೊಂಡು, ಮಾಡದಿದ್ದರೆ ಯಾರ ನೆನಪಿಗೂ ಬಾರದೆ ಬಾಳುತ್ತದೆ. ಅಂಥ ಒಂದು ಭಾಗಕ್ಕೆ ತಮ್ಮ ಇಡೀ ಸೇವೆಯನ್ನು ಮುಡಿಪಾಗಿಟ್ಟು, ನಮ್ಮ ತರಬೇತಿ ಸಂಸ್ಥೆಯ ರೇಸ್ ಕಾರುಗಳಿಗೆ ಗೇರ್‌ಬಾಕ್ಸ್ ಆರಿಸುವುದನ್ನೂ ಕೆಟ್ಟರೆ ಕಾರಣ ಹುಡುಕುವುದನ್ನೂ ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದ ಹಿರಿಯರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹಳೆಯ ವಿದ್ಯಾರ್ಥಿಗಳೆಲ್ಲ ಅವರನ್ನು ಗೇರ್ ಮೇಷ್ಟ್ರು ಎಂದೇ ಕರೆಯುವುದರಿಂದ ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಅವರ ಅಭಿನಂದನಾ ಪುಸ್ತಕದ ಸಂಪಾದಕರು ನನ್ನಿಂದ ಬಯಸಿದ್ದು ಅವರ ಜ್ಞಾನದ ಬಗ್ಗೆ ಒಂದು ಲೇಖನ. ಮೊದಲು ಅವರ ವಿದ್ಯಾರ್ಥಿನಿಯಾಗಿ, ಆಮೇಲೆ ಅದೇ ವರ್ಕ್‌ಶಾಪಿನ ಟೂಲ್ ರೂಮು ನೋಡಿಕೊಳ್ಳುವವಳಾಗಿ ನಾನು ಹತ್ತಿರದಿಂದ ಕಂಡದ್ದು ಜ್ಞಾನಕ್ಕಿಂತ ಹೆಚ್ಚಾಗಿ ಅವರ ಗೊಂದಲವನ್ನು. ಬೇರೆ ಮೇಷ್ಟ್ರುಗಳು ಗೊಂದಲವಾದರೆ ಗಂಟಲು ಸರಿಮಾಡಿಕೊಂಡು ವಿಷಯ ಬದಲಿಸುತ್ತಿದ್ದರು. ಇವರು ಸ್ಟೂಲು ತರಿಸುತ್ತಿದ್ದರು. ಆದ್ದರಿಂದ ಇದು ಅವರ ಗೊಂದಲದ ಕುರಿತ ಬರಹ. ಒಲೆಯ ಮೇಲೆ ಹಾಲಿಟ್ಟು, ಒಂದು ಕಣ್ಣು ಅತ್ತ, ಒಂದು ಕಣ್ಣು ಇತ್ತ ಇಟ್ಟುಕೊಂಡು ಬರೆಯುತ್ತಿರುವುದರಿಂದ ಬರಹವೂ ಅಲ್ಲಲ್ಲಿ ದಾರಿ ತಪ್ಪಿದರೆ ಓದುಗರು ಮನ್ನಿಸಬೇಕು.

ನನ್ನ ಮೊದಲ ತರಗತಿಯಲ್ಲಿ ಮೇಷ್ಟ್ರು ಒಂದು ಹಳೆಯ ಗೇರ್‌ಬಾಕ್ಸನ್ನು ಮೇಜಿನ ಮೇಲಿಟ್ಟು ಕೈಯಿಂದ ತಿರುಗಿಸಿದರು. ಪ್ರತಿ ಸುತ್ತಿಗೂ ಟಕ್ಕೆಂದು ಸದ್ದು. ಏನು ಕೆಟ್ಟಿದೆ ಎಂದು ಕೇಳಿದರು. ಒಬ್ಬ ಬೇರಿಂಗ್ ಎಂದ, ಇನ್ನೊಬ್ಬ ಹಲ್ಲು ಮುರಿದಿದೆ ಎಂದ, ನಾನು ಶಾಫ್ಟ್ ಬಾಗಿದೆ ಎಂದೆ. ಮೇಷ್ಟ್ರು ಎಲ್ಲವನ್ನೂ ತಲೆಯಾಡಿಸಿ ಕೇಳಿಸಿಕೊಂಡು, "ಎಲ್ರೂ ಸರಿ ಇರಬಹುದು. ನಂಗಂತೂ ಗೊತ್ತಾಗ್ತಿಲ್ಲ. ಬನ್ನಿ, ಕೂತ್ಕೊಳೋಣ" ಎಂದು ಮೂಲೆಯಲ್ಲಿದ್ದ ಕಬ್ಬಿಣದ ಸ್ಟೂಲನ್ನು ಎಳೆದುಕೊಂಡು ಕೂತುಬಿಟ್ಟರು. ನಾವೂ ಕೂತೆವು. ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನ ಸಾಲಿನ ಹುಡುಗನೊಬ್ಬ ಮೇಜಿನ ಒಂದು ಕಾಲು ನೆಲಕ್ಕೆ ತಾಗುತ್ತಿಲ್ಲವೆಂದು ತೋರಿಸಿದ. ಕಾಲಿನ ಕೆಳಗೆ ರಟ್ಟು ಮಡಚಿಟ್ಟ ಮೇಲೆ ಗೇರ್‌ಬಾಕ್ಸು ತುಟಿಪಿಟಕ್ಕೆನ್ನದೆ ತಿರುಗಿತು. ಮೇಷ್ಟ್ರಿಗೆ ಇದು ಮೊದಲೇ ಗೊತ್ತಿತ್ತೋ ಇಲ್ಲವೋ ಎಂದು ನಾವು ಎಷ್ಟೋ ದಿನ ವಾದ ಮಾಡಿದೆವು. ಗೊತ್ತಿದ್ದವರ ಮುಖ ಹಾಗಿರುವುದಿಲ್ಲ ಎಂದು ನನ್ನ ವಾದ.

ಆ ಸ್ಟೂಲಿಗೆ ಅಂದಿನಿಂದ ಗೊಂದಲದ ಸ್ಟೂಲು ಎಂದೇ ಹೆಸರಾಯಿತು. ಮೇಷ್ಟ್ರು ಅದರ ಮೇಲೆ ಕೂತಿರುವಷ್ಟು ಹೊತ್ತು ಯಾರೂ ಸ್ಪ್ಯಾನರ್ ಮುಟ್ಟುವಂತಿರಲಿಲ್ಲ. ಮುಟ್ಟಿದವರು ಎಲ್ಲರಿಗೂ ಟೀ ತರಬೇಕು. ಇನ್ನೊಂದು ನಿಯಮವೂ ಇತ್ತು: ಒಂದು ಸಲಕ್ಕೆ ಒಂದೇ. ಎಣ್ಣೆ ಬದಲಿಸಿದ ದಿನ ಕ್ಲಚ್ಚಿನ ಕೇಬಲ್ ಬದಲಿಸುವಂತಿಲ್ಲ. ಎರಡನ್ನೂ ಬದಲಿಸಿ ಕಾರು ಸರಿಯಾದರೆ ಯಾರಿಗೆ ಕೈ ಮುಗಿಯುತ್ತೀರಿ, ಕೆಟ್ಟರೆ ಯಾರ ಕಿವಿ ಹಿಂಡುತ್ತೀರಿ ಎಂದು ಕೇಳುತ್ತಿದ್ದರು. ನಮ್ಮ ವರ್ಕ್‌ಶಾಪಿನಿಂದ ಹೊರಬಿದ್ದವರು ಬೇರೆ ಏನನ್ನು ಮರೆತರೂ ಈ ಒಂದು ಮಾತನ್ನು ಮರೆತಿಲ್ಲ. ಮಗುವಿಗೆ ಹೊಟ್ಟೆ ಕೆಟ್ಟಾಗ ನೆರೆಹೊರೆಯ ಹಿರಿಯರೆಲ್ಲ ತಲೆಗೊಂದು ಮದ್ದು ಹೇಳಿದರೆ ನಾನೂ "ಒಂದು ಸಲಕ್ಕೆ ಒಂದೇ" ಎಂದು ಬಾಗಿಲಿಗೆ ಅಡ್ಡ ನಿಂತದ್ದುಂಟು.

ಮಗು ಎಂದಾಗ ನೆನಪಾಯಿತು. ಮಗಳು ಹುಟ್ಟಿದ ಮೇಲೆ ಕೆಲಸಕ್ಕೆ ಮರಳಿದಾಗ ಅವಳನ್ನು ಬಿಟ್ಟುಬರಲು ನನಗೆ ಯಾರೂ ಇರಲಿಲ್ಲ. ಯಾರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ಒಂದು ಬೆಳಿಗ್ಗೆ ಟೂಲ್ ರೂಮಿನ ಕಿಟಕಿಯ ಪಕ್ಕ, ಗೇರ್‌ಬಾಕ್ಸ್ ಬಂದಿದ್ದ ಮರದ ಪೆಟ್ಟಿಗೆಯೊಂದು ಮೊಳೆಗಳನ್ನೆಲ್ಲ ಕೀಳಿಸಿಕೊಂಡು, ಅಂಚುಗಳನ್ನು ಉಜ್ಜಿಸಿಕೊಂಡು, ಒಳಗೆ ದಪ್ಪನೆಯ ಕಂಬಳಿ ಹಾಸಿಕೊಂಡು ಕಾದಿತ್ತು. ಮೇಷ್ಟ್ರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗು ಅತ್ತಾಗ ಮಾತ್ರ ಎಣ್ಣೆಗೈಯನ್ನು ಬೆನ್ನ ಹಿಂದೆ ಮಡಚಿಕೊಂಡು ಬಂದು, ಪೆಟ್ಟಿಗೆಯೊಳಗೆ ಬಗ್ಗಿ, ಗಂಭೀರವಾಗಿ, "ಏನಮ್ಮಾ ಇದು ಸದ್ದು? ಬೇರಿಂಗಾ, ಶಾಫ್ಟಾ?" ಎಂದು ವಿಚಾರಿಸುತ್ತಿದ್ದರು. ಮಗು ಅಳು ನಿಲ್ಲಿಸಿ ಅವರ ಕನ್ನಡಕ ನೋಡುತ್ತಿತ್ತು. ಮಾತು ಬಂದ ಮೇಲೆ ಅವಳು ಅವರನ್ನು ಮಾಮ ಎಂದು ಕರೆದಳು. ಇಂದಿಗೂ ಹಾಗೆಯೇ ಕರೆಯುತ್ತಾಳೆ. ಆ ಪೆಟ್ಟಿಗೆಯಲ್ಲಿ ಮಲಗಿ ಬೆಳೆದವಳು ಈಗ ಅದೇ ಸಂಸ್ಥೆಯ ವಿದ್ಯಾರ್ಥಿನಿ, ಸಂಸ್ಥೆಯ ರೇಸ್ ಕಾರಿನ ಮೊದಲ ಚಾಲಕಿ.

ಇನ್ನು ಅವರ ಸೇವೆಯ ಕೊನೆಯ ವರ್ಷದ ವಿಷಯ. ನಮ್ಮ ರೇಸ್ ಕಾರಿನ ಹಳೆಯ ಗೇರ್‌ಬಾಕ್ಸ್ ಸವೆದು ಮುಗಿದಿತ್ತು. ಹೊಸದನ್ನು ಆರಿಸಬೇಕಿತ್ತು. ತಂಡದ ಮ್ಯಾನೇಜರ್ ಸಾಹೇಬರಿಗೆ ರೇಸಿಗೆಂದೇ ತಯಾರಾದ ಗೇರ್‌ಬಾಕ್ಸಿನ ಮೇಲೆ ಮನಸ್ಸು. ಅದರ ಹಲ್ಲುಗಳು ನೇರ, ಕಲ್ಲಿನಂತೆ ಗಟ್ಟಿ, ಗೇರು ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಆದರೆ ವೇಗ ಹೊಂದಿಸದೆ ಹಾಕಿದರೆ ಹಲ್ಲು ಹಲ್ಲನ್ನು ತಿನ್ನುತ್ತದೆ. ಇನ್ನೊಂದು, ರಸ್ತೆಯ ಕಾರಿನಿಂದ ತೆಗೆದ ಸಾಧಾರಣ ಐದು ಗೇರಿನದು. ನಾಲ್ಕು ಸಿಲಿಂಡರಿನ ನಮ್ಮ ಪುಟ್ಟ ಇಂಜಿನ್ನಿಗೆ ಶಕ್ತಿ ಇರುವುದು ವೇಗವಾಗಿ ತಿರುಗುವಾಗ ಮಾತ್ರ; ಗೇರಿಗೂ ಗೇರಿಗೂ ನಡುವೆ ಅಂತರ ಹೆಚ್ಚಿದ್ದರೆ ಪ್ರತಿ ಸಲ ಗೇರು ಬದಲಿಸಿದಾಗಲೂ ಅದು ಉಸಿರು ಕಳೆದುಕೊಂಡು ಮತ್ತೆ ಮೊದಲಿನಿಂದ ಏದುಸಿರು ಬಿಡಬೇಕು. ಈ ಸಾಧಾರಣ ಗೇರ್‌ಬಾಕ್ಸಿನಲ್ಲಿ ಎರಡು, ಮೂರು, ನಾಲ್ಕನೇ ಗೇರುಗಳು ಒತ್ತೊತ್ತಾಗಿದ್ದವು.

ಮೇಷ್ಟ್ರು ಎರಡನ್ನೂ ಎದುರಿಗಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ರೇಸಿನ ದಾರಿಯನ್ನು ಕಾಲ್ನಡಿಗೆಯಲ್ಲಿ ಸುತ್ತಿ ಬಂದು ಮತ್ತೆ ಕೂತರು. ಎರಡೂ ಸರಿ ಇವೆ, ಅದೇ ತೊಂದರೆ ಎಂದರು. ಮ್ಯಾನೇಜರ್ ಸಾಹೇಬರು ನಿವೃತ್ತಿಯ ಒಳಗೆ ತೀರ್ಮಾನವಾಗುವುದೇ ಎಂದು ನಯವಾಗಿ ಚುಚ್ಚಿದರು. ಕಡೆಗೆ ಮೇಷ್ಟ್ರು ನನ್ನ ಮಗಳನ್ನು ಕರೆದು, ಕಣ್ಣು ಮುಚ್ಚಿಸಿ, ಎರಡರ ಲಿವರನ್ನೂ ಆಡಿಸಲು ಹೇಳಿದರು.

"ಇದು ಸಿಡುಕ್ತಾ ಇದೆ ಮಾಮ," ಎಂದಳು ಅವಳು ಮೊದಲನೆಯದಕ್ಕೆ. ಎರಡನೆಯದಕ್ಕೆ, "ಇದು ಸ್ವಲ್ಪ ಕಾಯುತ್ತೆ. ನಾನು ಬರೋವರೆಗೂ."

ಸಾಧಾರಣದ್ದೇ ಕಾರಿನೊಳಗೆ ಕೂತಿತು. ಅದೇ ವಾರ ಕೊನೆಯ ವರ್ಷದ ವಿದ್ಯಾರ್ಥಿಗಳು ಮೇಷ್ಟ್ರಿಗೆ ತಿಳಿಯದಂತೆ ಲೇತ್ ಯಂತ್ರದಲ್ಲಿ ಹಿತ್ತಾಳೆಯ ಗುಂಡೊಂದನ್ನು ಕಡೆದು, ಉಜ್ಜಿ, ಅದರ ಮೇಲೆ "ಒಂದು ಸಲಕ್ಕೆ ಒಂದೇ" ಎಂದು ಕೆತ್ತಿಸಿ, ಗೇರ್ ಲಿವರಿನ ತುದಿಗೆ ಪ್ಲಾಸ್ಟಿಕ್ ಹಿಡಿಯ ಬದಲು ತಿರುಪಿದರು. ಅವರ ಕೊನೆಯ ಕಾರು, ಅವರ ಮಾತನ್ನೇ ಹಿಡಿದುಕೊಂಡು ಓಡಲಿ ಎಂಬ ಆಸೆ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಶುರುವಾಯಿತು ಕಷ್ಟ. ಅಭ್ಯಾಸದ ಮೊದಲ ದಿನವೇ, ನೇರ ದಾರಿ ಮುಗಿದು ಎಡಕ್ಕೆ ತಿರುಗಿ ಮತ್ತೆ ವೇಗ ಹಿಡಿಯುವ ಜಾಗದಲ್ಲಿ, ಕಾಂಕ್ರೀಟಿನ ಉಬ್ಬುಗಳ ಮೇಲೆ ಹಾಯುವಾಗ, ಕಾರು ಮೂರನೇ ಗೇರಿನಿಂದ ತಾನಾಗಿ ಕಳಚಿಕೊಂಡಿತು. ಇಂಜಿನ್ನು ಭಾರವಿಲ್ಲದೆ ಕಿರುಚಿದ್ದು ನಾವು ನಿಂತಲ್ಲಿಗೆ ಕೇಳಿಸಿತು. ತಿರುವಿನ ನಡುವೆ ಎಳೆತ ತಪ್ಪಿದ ಕಾರು ಎತ್ತ ಹೋಗುತ್ತದೆಂದು ಹೇಳಲಾಗದು. ಮಗಳು ಹುಲ್ಲಿನ ಮೇಲೆ ಹೋಗಿ ನಿಂತಳು. ಮತ್ತೆ ಹೋದಾಗ ಮತ್ತೆ ಅದೇ. ಎರಡನೇ ಗೇರಿಗೆ ಏನೂ ಇಲ್ಲ, ನಾಲ್ಕಕ್ಕೆ ಏನೂ ಇಲ್ಲ. ಮೂರಕ್ಕೆ ಮಾತ್ರ, ಅಲ್ಲಿ ಮಾತ್ರ.

ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚಿದರು. ಗೇರನ್ನು ಸ್ಥಾನದಲ್ಲಿ ಹಿಡಿದಿಡುವ ಸ್ಪ್ರಿಂಗು ಮತ್ತು ಅದರ ಪುಟ್ಟ ಉಕ್ಕಿನ ಗೋಲಿ ಹೊಸದಾಯಿತು. ಸರಿಹೋಗಲಿಲ್ಲ. ಗೇರನ್ನು ತಳ್ಳುವ ಕವಲು ಹೊಸದಾಯಿತು. ಸರಿಹೋಗಲಿಲ್ಲ. ಗೇರ್‌ಬಾಕ್ಸ್ ಕೂರುವ ರಬ್ಬರ್ ಬದಲಾಯಿತು. ಎಲ್ಲವೂ ನಿಯಮದಂತೆ, ಒಂದು ಸಲಕ್ಕೆ ಒಂದೇ. ಸರಿಹೋಗಲಿಲ್ಲ.

ಆಗ ಎರಡನೇ ಚಾಲಕನನ್ನು ಕೂರಿಸಿ ಕಳಿಸಿದರು. ಎತ್ತರದ ಹುಡುಗ, ಲಂಬು ಎಂದು ಅವನನ್ನು ಕರೆಯುತ್ತಾರೆ. ಅವನು ಎಷ್ಟು ಸುತ್ತು ಹೊಡೆದರೂ ಮೂರನೇ ಗೇರು ಕದಲಲಿಲ್ಲ. ಮ್ಯಾನೇಜರ್ ಸಾಹೇಬರಿಗೆ ಅಷ್ಟು ಸಾಕಾಯಿತು. ಹುಡುಗಿ ತಿರುವಿನಲ್ಲಿ ಹೆದರಿ ಕೈಯನ್ನು ಗೇರಿನ ಮೇಲೆ ಒರಗಿಸುತ್ತಾಳೆ, ಅದಕ್ಕೇ ಕಳಚುತ್ತದೆ ಎಂದರು. ಕಾರು ವರ್ಷದ ಕೊನೆಯ ರೇಸಿಗೆ ಹೊರಡುವುದರೊಳಗೆ ಬೇರೆ ಕಾರಣ ಸಿಗದಿದ್ದರೆ ಲಂಬುವೇ ಓಡಿಸುತ್ತಾನೆ ಎಂದೂ ಹೇಳಿದರು. ಅದು ಅವಳು ವಿದ್ಯಾರ್ಥಿನಿಯಾಗಿ ಓಡಿಸಬಹುದಾದ ಕೊನೆಯ ರೇಸು ಕೂಡ ಆಗಿತ್ತು.

ಮಗಳು ಮನೆಗೆ ಬಂದವಳು ಊಟ ಮಾಡದೆ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಳ್ಳುತ್ತ ಕೂತಳು. ತಾನು ಒರಗಿಸಲಿಲ್ಲವೆಂದು ಅವಳಿಗೆ ಗೊತ್ತು. ಆದರೂ ಎಲ್ಲರೂ ಹೇಳುತ್ತಾರಲ್ಲ, ಗೊತ್ತಿಲ್ಲದೆ ಒರಗಿಸಿರಬಹುದೇ ಎಂಬ ಅನುಮಾನ ಅವಳಿಗೇ ಹುಟ್ಟಿತ್ತು. ನಾನು ಅವಳ ತಲೆಗೆ ಎಣ್ಣೆ ಹಚ್ಚಿದೆ.

ಮರುದಿನ ಮೇಷ್ಟ್ರು ಸ್ಟೂಲನ್ನು ಕಾರಿನ ಪಕ್ಕಕ್ಕೆ ಹಾಕಿಕೊಂಡು ಕೂತರು. ನಾನು ಸ್ಪ್ಯಾನರ್‌ಗಳನ್ನು ಒರೆಸುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆ. ಮಧ್ಯಾಹ್ನದವರೆಗೂ ಅವರು ಮಾಡಿದ ಕೆಲಸ ಒಂದೇ: ಇಬ್ಬರು ಚಾಲಕರ ಕೈಗವಸುಗಳನ್ನೂ ತರಿಸಿ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ್ದು. ಗೇರಿನ ಕಡೆಯ ಕೈಗವಸಿನಲ್ಲಿ ಲಂಬುವಿನದರ ಅಂಗೈ ತುಂಬ ಹಿತ್ತಾಳೆಯ ಕಪ್ಪು ಮೆತ್ತಿ ಮಿರುಗುತ್ತಿತ್ತು. ಮಗಳದು ಬೆರಳ ಬುಡದಲ್ಲಿ ಚೂರು ಬಿಟ್ಟರೆ ಚೊಕ್ಕವಾಗಿತ್ತು.

ಲಂಬುವನ್ನು ಕರೆಸಿದರು. ತಿರುವಿನಲ್ಲಿ ಕೈ ಎಲ್ಲಿರುತ್ತದೆ ಎಂದು ಕೇಳಿದರು. ಅವನು ನಾಚಿಕೊಂಡು, ಗೇರಿನ ಮೇಲೆಯೇ ಇರುತ್ತದೆ, ಹಿಡಿದುಕೊಳ್ಳುವುದು ಚಿಕ್ಕಂದಿನಿಂದ ಅಭ್ಯಾಸ, ತಪ್ಪೆಂದು ಗೊತ್ತು ಎಂದ.

"ತಪ್ಪು ಮಾಡಿದವನಿಗೆ ಸರಿಯಾಗಿ ಓಡುತ್ತೆ. ಸರಿ ಮಾಡಿದವಳಿಗೆ ತಪ್ಪಾಗಿ ಓಡುತ್ತೆ," ಎಂದರು ಮೇಷ್ಟ್ರು. "ಈಗ ನಂಗೆ ಪೂರ್ತಿ ಗೊಂದಲ."

ಅವರು ಇಷ್ಟು ಸಂತೋಷವಾಗಿ ಹೀಗೆ ಹೇಳಿದ್ದನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ.

ಎರಡೂ ಕೈ ಸ್ಟಿಯರಿಂಗಿನ ಮೇಲೆ ಇಟ್ಟು ಓಡಿಸು ಎಂದು ಲಂಬುವನ್ನು ಕಳಿಸಿದರು. ಮ್ಯಾನೇಜರ್ ಸಾಹೇಬರನ್ನೂ ಬರಹೇಳಿದರು. ಎಡ ತಿರುವಿನಲ್ಲಿ ಇಂಜಿನ್ನು ಕಿರುಚಿತು. ವಾಪಸು ಬಂದ ಲಂಬು ಹೆಲ್ಮೆಟ್ ತೆಗೆಯುವ ಮೊದಲೇ ನನ್ನ ಮಗಳ ಕಡೆ ತಿರುಗಿ, "ನಂಗೂ ಗೇರು ಹಾರಿತು ಕಣೆ. ನಿಂದಲ್ಲ ಅದು" ಎಂದ. ಅವನು ಸುಮ್ಮನೆ ಒಂದು ಬೆರಳು ಲಿವರಿಗೆ ಆನಿಸಿದ್ದರೆ ರೇಸು ಅವನದಾಗುತ್ತಿತ್ತು. ಆ ಹುಡುಗನ ಹೆತ್ತವರು ಈ ಪುಸ್ತಕ ಓದುವವರಿದ್ದರೆ ನನ್ನ ನಮಸ್ಕಾರ ಅವರಿಗೆ ತಲುಪಲಿ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮ್ಯಾನೇಜರ್ ಸಾಹೇಬರು, ಹಾಗಾದರೆ ತಪ್ಪು ಹುಡುಗಿಯದಲ್ಲ, ಗೇರ್‌ಬಾಕ್ಸ್ ಆರಿಸಿದವರದು ಎಂದರು. ಆ ರೇಸಿನ ಗೇರ್‌ಬಾಕ್ಸನ್ನೇ ಹಾಕಿಬಿಡೋಣ ಎಂದರು. ಅಂಥದನ್ನು ಓಡಿಸಿ ಅಭ್ಯಾಸವಿದ್ದದ್ದು ಲಂಬುವಿಗೆ ಮಾತ್ರ. ಮಗಳ ಹೆಸರು ಉಳಿದರೂ ಕಾರು ಕೈತಪ್ಪುವ ಮಾತು ಅದು. ಮೇಷ್ಟ್ರು ವಾದ ಮಾಡಲಿಲ್ಲ. ಸಂಜೆಯವರೆಗೆ ಸಮಯ ಕೇಳಿ ಮತ್ತೆ ಸ್ಟೂಲಿನ ಮೇಲೆ ಕೂತರು.

"ತೊಂದರೆ ಶುರುವಾಗೋ ಮೊದಲು ಈ ಕಾರಲ್ಲಿ ಏನು ಬದಲಾಯಿಸಿದ್ದೀರಿ?" ಎಂದು ಸುತ್ತ ನಿಂತ ವಿದ್ಯಾರ್ಥಿಗಳನ್ನು ಕೇಳಿದರು.

"ಗೇರ್‌ಬಾಕ್ಸ್ ಒಂದೇ ಸರ್," ಎಂದರು ಎಲ್ಲರೂ ಒಂದೇ ದನಿಯಲ್ಲಿ. ನಾನೂ ಹಾಗೆಂದೇ ನಂಬಿದ್ದೆ.

ಅವರು ಗೇರ್ ಲಿವರಿನ ಕಡೆ ಬಗ್ಗಿ ನೋಡಿದರು. ಎರಡು ಮತ್ತು ನಾಲ್ಕನೇ ಗೇರಿಗೆ ಲಿವರನ್ನು ಹಿಂದಕ್ಕೆ ಎಳೆಯುತ್ತೇವೆ, ಮೂರಕ್ಕೆ ಮುಂದಕ್ಕೆ ತಳ್ಳುತ್ತೇವೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಗಾಳಿಯಲ್ಲಿ ಕೈ ಆಡಿಸಿದರು. ಕಾರು ಮುಂದಕ್ಕೆ ನುಗ್ಗಿದಾಗ ಒಳಗಿರುವ ನಾವು ಹಿಂದಕ್ಕೆ ವಾಲುತ್ತೇವೆ. ಹಾಗೆ ವಾಲುವ ವಸ್ತು ಇಲ್ಲಿ ಯಾವುದು? ಆಮೇಲೆ ಎದ್ದು ನೆಲದ ಮೇಲೆ ಅಡ್ಡಲಾಗಿ ಒಂದು ಹಲಗೆ ಇರಿಸಿದರು. ಮಗಳನ್ನು ಕಾರಿನಲ್ಲಿ ಕೂರಿಸಿ, ಇಂಜಿನ್ ನಿಲ್ಲಿಸಿ, ಮೂರನೇ ಗೇರು ಹಾಕಿಸಿ, ಕ್ಲಚ್ ಒತ್ತಿಸಿ, ಕೈಗಳನ್ನು ತಲೆಯ ಮೇಲೆ ಇಟ್ಟುಕೊಳ್ಳಲು ಹೇಳಿದರು. ವಿದ್ಯಾರ್ಥಿಗಳೆಲ್ಲ ಸೇರಿ ಹಿಂದಿನಿಂದ ಒಮ್ಮೆಗೇ ನೂಕಿದರು. ಚಕ್ರ ಹಲಗೆಯನ್ನು ಹತ್ತಿ ಇಳಿಯಿತು. ಆ ಕ್ಷಣ, ಯಾರೂ ಮುಟ್ಟದ ಲಿವರು ನಮ್ಮೆಲ್ಲರ ಕಣ್ಣೆದುರಿಗೇ ಹಿಂದಕ್ಕೆ ಬಂದು, ಮೂರನೇ ಗೇರನ್ನು ಬಿಟ್ಟು, ನಡುವಿನಲ್ಲಿ ನಿಂತಿತು.

ಯಾರಿಗೂ ಅರ್ಥವಾಗಲಿಲ್ಲ. ಮೇಷ್ಟ್ರು ಕಾರಿನೊಳಗೆ ಬಗ್ಗಿ ಹಿತ್ತಾಳೆಯ ಗುಂಡನ್ನು ತಿರುಪಿ ತೆಗೆದರು. ಅಂಗೈಯಲ್ಲಿ ತೂಗಿ ನೋಡಿ ಕೋಟಿನ ಜೇಬಿಗೆ ಹಾಕಿಕೊಂಡರು. ಕೋಟು ಒಂದು ಪಕ್ಕಕ್ಕೆ ಜೋತುಬಿತ್ತು. ಹಳೆಯ ಪ್ಲಾಸ್ಟಿಕ್ ಹಿಡಿಯನ್ನು ಹಾಕಿ ಮತ್ತೆ ನೂಕಿಸಿದರು. ಲಿವರು ಕದಲಲಿಲ್ಲ. ಮತ್ತೆ ನೂಕಿಸಿದರು. ಕದಲಲಿಲ್ಲ.

ಉದ್ದನೆಯ ಲಿವರಿನ ತುದಿಯಲ್ಲಿ ಅಷ್ಟು ಭಾರ ಕೂತು, ಕಾರು ಮುಂದಕ್ಕೆ ನುಗ್ಗಿದಾಗಲೆಲ್ಲ ಹಿಂದಕ್ಕೆ ಎಳೆಯುತ್ತಿತ್ತು. ಗೇರಿನ ಹಲ್ಲುಗಳು ಬಿಗಿಯಾಗಿ ಕಚ್ಚಿರುವವರೆಗೆ ಏನೂ ಆಗದು. ಉಬ್ಬಿನ ಮೇಲೆ ಚಕ್ರ ಹಗುರಾಗಿ ಕಚ್ಚು ಸಡಿಲವಾದ ಗಳಿಗೆಯಲ್ಲಿ ಗುಂಡು ಗೆಲ್ಲುತ್ತಿತ್ತು. ಒಂದು ತಿರುಪು ಬದಲಿಸಿದರೂ ಲೆಕ್ಕ ಹೇಳುವ ನಾವೆಲ್ಲ, ಆ ಗುಂಡನ್ನು ಒಂದು ಬದಲಾವಣೆ ಎಂದು ಎಣಿಸಿರಲೇ ಇಲ್ಲ. ಅದು ನಮ್ಮ ಕಣ್ಣಿಗೆ ಕಾರಿನ ಭಾಗವಾಗಿರಲಿಲ್ಲ, ಗೌರವವಾಗಿತ್ತು.

ಅದನ್ನು ಕಡೆದ ವಿದ್ಯಾರ್ಥಿಗಳು ತಲೆ ತಗ್ಗಿಸಿ ನಿಂತಿದ್ದರು. ಅವರಲ್ಲೊಬ್ಬ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಮ್ಯಾನೇಜರ್ ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಮೇಷ್ಟ್ರು ಅವರಿಗಿಂತ ಮೊದಲೇ ಮಾತಾಡಿದರು.

"ಚೆನ್ನಾಗಿ ಕಡೆದಿದ್ದೀರಿ. ಒಂದು ಗೀರಿಲ್ಲ. ಜಾಗ ಮಾತ್ರ ಬೇರೆ ಹುಡುಕಬೇಕು." ಆಮೇಲೆ ಮ್ಯಾನೇಜರರ ಕಡೆ ತಿರುಗಿ, "ಕಾರು ಹುಡುಗೀದೇ ಅಲ್ವಾ ಸಾಹೇಬ್ರೇ?" ಎಂದರು.

ಸಾಹೇಬರು ಹೌದೆಂದರು. ನೆಟ್ಟಗಿನ ಮನುಷ್ಯ, ಮಗಳ ಬಳಿಗೆ ಹೋಗಿ, ಕೈಯ ವಿಷಯದಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಎಲ್ಲರೆದುರು ಹೇಳಿದರು. ಅಂದು ಅವಳು ಮನೆಯಲ್ಲಿ ಎರಡು ಸಲ ಬಡಿಸಿಕೊಂಡು ಉಂಡಳು.

ರೇಸಿನಲ್ಲಿ ಅವಳು ಬಹುಮಾನದ ಸಾಲಿಗೆ ಬರಲಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೆ ಮೂರನೇ ಗೇರು ಹಾಕಿದಲ್ಲೇ ಇತ್ತು. ನಾನು ಎಡ ತಿರುವಿನ ಬೇಲಿಯ ಹಿಂದೆ ನಿಂತಿದ್ದೆ. ಪ್ರತಿ ಸುತ್ತಿಗೂ ಅವಳ ಎರಡು ಕೈಗಳೂ ಸ್ಟಿಯರಿಂಗಿನ ಮೇಲೆ ಕಾಣಿಸುತ್ತಿದ್ದವು.

ಹಿತ್ತಾಳೆಯ ಗುಂಡಿಗೆ ಜಾಗ ಹುಡುಕುವುದು ಸುಲಭವಾಗಲಿಲ್ಲ. ಕಾಗದದ ಮೇಲಿಡಲು ಭಾರ, ಗಾಜಿನ ಬೀರುವಿನಲ್ಲಿಡಲು ಮೇಷ್ಟ್ರಿಗೆ ಒಪ್ಪಿಗೆಯಿಲ್ಲ. ಟೂಲ್ ರೂಮಿನ ಬಾಗಿಲು ಎಂದೂ ನೆಟ್ಟಗೆ ಮುಚ್ಚಿಕೊಂಡದ್ದಿಲ್ಲ; ಗಾಳಿಗೆ ತೆರೆದುಕೊಂಡು ಒಳಗೆಲ್ಲ ಧೂಳು ತುಂಬುತ್ತಿತ್ತು. ಕಳೆದ ವಾರ ನಾನು ಕೆಲಸಕ್ಕೆ ಹೋದಾಗ ಬಾಗಿಲಿನ ಮೇಲ್ಗಡೆ ಒಂದು ರಾಟೆ, ರಾಟೆಯ ಮೇಲೆ ಹಗ್ಗ, ಹಗ್ಗದ ತುದಿಯಲ್ಲಿ ಆ ಗುಂಡು ತೂಗುತ್ತಿತ್ತು. ಬಾಗಿಲು ತೆರೆದು ಒಳಗೆ ಹೋದರೆ ಅದು ಮೆಲ್ಲಗೆ ಇಳಿದು ಬಾಗಿಲನ್ನು ತಾನೇ ಮುಚ್ಚುತ್ತದೆ. ಅದನ್ನು ಕಡೆದ ವಿದ್ಯಾರ್ಥಿಗಳು ಕಾರಣವಿಲ್ಲದೆ ಒಳಗೆ ಹೊರಗೆ ಓಡಾಡುತ್ತಿದ್ದರು. ಮೇಷ್ಟ್ರು ಸ್ಟೂಲಿನ ಮೇಲೆ ನಿಂತು ರಾಟೆಗೆ ಎಣ್ಣೆ ಬಿಡುತ್ತಿದ್ದರು.

ಇಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು ಆಗ ಕೇಳಿದೆ. "ಮೇಷ್ಟ್ರೇ, ಆ ಮೊದಲನೇ ತರಗತೀಲಿ ಸದ್ದು ಬರ್ತಿದ್ದದ್ದು ಮೇಜಿಂದ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಅವರು ಎಣ್ಣೆಯ ಡಬ್ಬಿ ಹಿಡಿದುಕೊಂಡೇ ಯೋಚಿಸಿದರು.

"ಅದು ಮೇಜೇ ಅಂತ ನಂಗಿನ್ನೂ ಖಾತ್ರಿ ಇಲ್ಲಮ್ಮ."

ಹಾಲು ಉಕ್ಕಿತು, ಒಲೆ ಒರೆಸಿ ಬಂದು ಮುಗಿಸುತ್ತಿದ್ದೇನೆ. ನಮ್ಮ ಗೇರ್ ಮೇಷ್ಟ್ರಿಗೆ ಒಳ್ಳೆಯ ಆರೋಗ್ಯವೂ ದೀರ್ಘ ಆಯುಷ್ಯವೂ ಇರಲಿ, ಬಿಚ್ಚಲು ಗೇರ್‌ಬಾಕ್ಸುಗಳೂ ಬಿಚ್ಚದೆ ಕೂತು ನೋಡಲು ಬಿಡುವೂ ಧಾರಾಳವಾಗಿ ಸಿಗಲಿ, ಮತ್ತು ಅವರು ಇನ್ನೂ ಬಹುಕಾಲ ಇಷ್ಟೇ ಸಂತೋಷದಿಂದ ಗೊಂದಲಪಡುತ್ತಿರಲಿ ಎಂದು ಹಾರೈಸುತ್ತೇನೆ. ಸ್ಟೂಲನ್ನು ನಾವು ಯಾರಿಗೂ ಕೊಟ್ಟಿಲ್ಲ. ಅದು ಅಲ್ಲೇ ಇದೆ, ಬಾಗಿಲ ಪಕ್ಕದಲ್ಲಿ. ಅವರು ಯಾವಾಗ ಬಂದರೂ ಬಾಗಿಲನ್ನು ಸ್ವಲ್ಪ ನೂಕಿದರೆ ಸಾಕು. ಮುಚ್ಚುವ ಕೆಲಸವನ್ನು ಗುಂಡು ನೋಡಿಕೊಳ್ಳುತ್ತದೆ.